ಹಂಪವ್ವನ ಕಡವಿನ ಬೋಳುಗಲ್ಲು

ಇಸವಿ ಎರಡು ಸಾವಿರದ ಹದಿನಾರು, ಏಪ್ರಿಲ್ ತಿಂಗಳ ಹತ್ತೊಂಬತ್ತನೆಯ ತಾರೀಕು, ಮಂಗಳವಾರ. ಬೆಳಗಿನಿಂದಲೇ ಬಿಸಿಲು ಕಾದಿತ್ತು. ಗಾಳಿ ಇರಲಿಲ್ಲ, ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಆ ಬೇಸಿಗೆಯಲ್ಲಿ ಕೃಷ್ಣೆ ಎಷ್ಟು ಬತ್ತಿದ್ದಳೆಂದರೆ ತೊರೆಹಾಳದ ದಂಡೆಯಿಂದ ನಡುಹೊಳೆಯ ಗುಂಡಿನವರೆಗೆ ಕಾಲು ಒದ್ದೆಯಾಗದೆ ನಡೆದು ಹೋಗಬಹುದಿತ್ತು. ಗುಂಡು ಎಂದರೆ ಬರೀ ಬಂಡೆಯಲ್ಲ. ಕೆಳಗೆ ದಪ್ಪ, ನಡುವೆ ಕೊರಳಿನಂತೆ ಸಣ್ಣ, ಮೇಲೆ ಮತ್ತೆ ಅಗಲವಾಗಿ ಒಬ್ಬರು ಕಾಲು ಮಡಿಸಿ ಕೂರುವಷ್ಟು ನೆತ್ತಿ. ದಂಡೆಯ ಮೇಲೆ ಒಂದು ಹುಣಸೆಮರ, ಅದರ ಬುಡದಲ್ಲಿ ಆಳೆತ್ತರದ ಒಂದು ಕಲ್ಲು. ಆ ಕಲ್ಲಿನ ಮುಖದಲ್ಲಿ ಒಂದರ ಕೆಳಗೊಂದು ಮೂರು ತಗ್ಗುಗಳಿವೆ. ಮೂರೂ ಅಂಗೈ ಆಳದವು, ಅಂಚು ಸೊಟ್ಟ, ಒಳಗೆಲ್ಲ ಉಳಿಯ ಗಾಯ. ಕಲ್ಲುಕುಟಿಗನ ಕೈಯ ಕೆಲಸವಲ್ಲ ಅದು ಎಂಬುದು ನೋಡಿದ ಯಾರಿಗಾದರೂ ಹೊಳೆಯುತ್ತದೆ. ಊರವರು ಅದನ್ನು ಬೋಳುಗಲ್ಲು ಎನ್ನುತ್ತಾರೆ.

ಆ ಜಾಗಕ್ಕೆ ತೊರೆಹಾಳದ ಕನ್ನಡದವರು ಹಂಪವ್ವನ ಕಡವು ಎನ್ನುತ್ತಾರೆ. ಎದುರು ದಂಡೆಯ ಪಾತಪಲ್ಲಿಯ ತೆಲುಗರಿಗೆ ಅದು ಹಂಪಮ್ಮ ರೇವು. ದರ್ಗಾದ ಓಣಿಯ ಮುಸಲ್ಮಾನರು ಹಂಪಮ್ಮಾ ಘಾಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಅದರ ಅಂಚು ಸವೆಯುತ್ತದೆ. ಹೊಸ ಬಾಯಿಗೆ ತಕ್ಕಂತೆ ಕುಗ್ಗುತ್ತದೆ, ಕೆಲವು ಸಲ ಗುರುತೇ ಸಿಗದಷ್ಟು. ಇಲ್ಲಿ ಹಾಗಾಗಿಲ್ಲ. ದಾಟುವ ಜಾಗಕ್ಕೆ ಮೂವರೂ ತಮ್ಮ ತಮ್ಮ ಮಾತನ್ನು ಇಟ್ಟುಕೊಂಡರು, ಅವ್ವ ಅಮ್ಮ ಆದದ್ದು ಬಿಟ್ಟರೆ ಹೆಂಗಸಿನ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಿಂದೆ ನಕ್ಷೆ ಬರೆಯಲು ಬಂದ ಬಿಳಿಯರು ಎರಡೂ ದಂಡೆಯಲ್ಲಿ ವಿಚಾರಿಸಿ ಅದೇ ಹೆಸರನ್ನು ಬರೆದುಕೊಂಡು ಹೋದರಂತೆ.

ಆ ಮಂಗಳವಾರ ಅಲ್ಲಿಗೆ ಬಂದವಳು ಅನಸೂಯಾ ಬಿರಾದಾರ. ಕಡವಿನ ಪಕ್ಕ ಕಟ್ಟುತ್ತಿದ್ದ ಸೇತುವೆ ಮುಗಿಯುವ ಹಂತದಲ್ಲಿತ್ತು. ಸೇತುವೆಯ ಎರಡೂ ತುದಿಗೆ ಸ್ಥಳದ ಇತಿಹಾಸವನ್ನು ಮೂರು ಭಾಷೆಯಲ್ಲಿ ಬರೆದ ಫಲಕ ನಿಲ್ಲಿಸಬೇಕೆಂದು ಮೇಲಿನವರು ಹೇಳಿದ್ದರು, ಅದನ್ನು ಬರೆಯುವ ಕೆಲಸ ಅವಳದು. ಅರಸರು, ದೇಸಾಯಿಗಳು ಯಾರಾದರೂ ಇದ್ದರೆ ಫಲಕಕ್ಕೆ ತೂಕ ಬರುತ್ತದೆ ಎಂದೂ ಅವರು ಹೇಳಿದ್ದರು. ಹುಣಸೆಮರದ ಕೆಳಗೆ ಬಲೆ ಹೊಲಿಯುತ್ತ ಕೂತಿದ್ದ ಅಂಬಿಗರ ಮುದುಕ ಗದ್ದೆಪ್ಪನನ್ನು ಅವಳು ಕೇಳಿದಳು:

“ಅಜ್ಜಾರ, ಈ ಕಲ್ಲಿನ ಮ್ಯಾಲೆ ಮೊದಲು ಯಾರ ಹೆಸರಿತ್ತು?”

“ಕೂಡ್ರಿ ಮೇಡಂ. ಬಿಸಿಲಾಗ ನಿಂತು ಕೇಳೋ ಮಾತಲ್ಲ ಅದು.”

“ಹೆಸರು ಅಷ್ಟು ಹೇಳಿದರ ಸಾಕು. ಊಟದ ಹೊತ್ತಿಗೆ ನಾ ರಾಯಚೂರು ಮುಟ್ಟಬೇಕು.”

“ಹೆಸರಿನ ಮಾತು ಕಡೀಗೆ ಬರ್ತದ,” ಎಂದ ಗದ್ದೆಪ್ಪ, ಸೂಜಿಯಿಂದ ಕಣ್ಣೆತ್ತದೆ. “ಅದಕ್ಕ ಏನಾತು ಅನ್ನೋದು ಮೊದಲು.”

ಹಿಂದೆ ಒಮ್ಮೆ ಈ ಜಾಗಕ್ಕೆ ಯಾರ ಹೆಸರೂ ಇರಲಿಲ್ಲ. ನಡುವೆ ಗುಂಡಿದೆಯಾದ್ದರಿಂದ ನಡುಗುಂಡಿನ ಕಡವು ಎನ್ನುತ್ತಿದ್ದರು. ಆಚೆಯವರು ತಮ್ಮ ಮಾತಿನಲ್ಲಿ ನಡಿಮಿ ಬಂಡ ರೇವು ಎನ್ನುತ್ತಿದ್ದರು. ಹೊಳೆ ಇಲ್ಲಿ ಎರಡು ಬಂಡೆಸಾಲುಗಳ ನಡುವೆ ಸೊಂಟ ಬಿಗಿದುಕೊಂಡು ಹರಿಯುವುದರಿಂದ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುತ್ತದೆ. ಕಡವು ಇಲ್ಲಿ ಹುಟ್ಟಿದ್ದೇ ಆ ಕಾರಣಕ್ಕೆ. ದಾಟಬೇಕಾದವನು ದಂಡೆಯ ಕಲ್ಲಿನ ಮೇಲೆ ನಿಂತು ಮೊದಲು ತನ್ನ ಹೆಸರು ಹೇಳಬೇಕು, ಆಮೇಲೆ ಅಂಬಿಗರಲ್ಲಿ ಒಬ್ಬರ ಹೆಸರು ಹಿಡಿದು ಕೂಗಬೇಕು. ಯಾರ ಹೆಸರನ್ನು ಕೂಗಿದನೋ ಅವರು “ಓ” ಎನ್ನಬೇಕು. ಓ ಎಂದ ಮೇಲೆ ಉಣ್ಣುವ ತುತ್ತನ್ನು ಬಿಟ್ಟಾದರೂ ಹರಿಗೋಲಿಗೆ ಕಾಲಿಡಬೇಕು. ಕೂಗಿದವನು ಯಾವ ಜಾತಿ, ಯಾವ ಮಾತು ಎಂದು ಕೇಳುವ ಹಾಗಿಲ್ಲ. ತನ್ನ ಹೆಸರು ಹೇಳಿ ನಮ್ಮ ಹೆಸರು ಕರೆದವನು ಮನೆಯ ಬಾಗಿಲಿಗೆ ಬಂದು ನಿಂತಂತೆ ಎಂದು ಅಂಬಿಗರು ತಿಳಿದಿದ್ದರು. ಹೆಸರು ಹೇಳಿಕೊಳ್ಳದವರೂ ಇರುತ್ತಿದ್ದರು. ಭಿಕ್ಷುಕರು, ತಲೆಕೆಟ್ಟವರು, ಊರು ಬಿಟ್ಟು ಓಡಿಬಂದವರು. ಅವರು ಕೂಗುತ್ತಿರಲಿಲ್ಲ. ಹೆಸರಿದ್ದವರು ಯಾರಾದರೂ ಬಂದು ಕೂಗುವವರೆಗೆ ಕಾದಿದ್ದು, ಅವರ ಹಿಂದೆ ಹರಿಗೋಲಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ದಾಟುತ್ತಿದ್ದರು. ಇನ್ನು ಕೂಗುವವನಿಗೂ ಒಂದು ಕಟ್ಟು ಇತ್ತು. ಹೊಳೆಗೆ ನೀರು ಬಂದು ಗುಂಡಿನ ಕೊರಳು ಮುಳುಗಿತೆಂದರೆ ಯಾರೂ ಕೂಗಬಾರದು. ಕೂಗಿದರೆ ಅಂಬಿಗ ಬರಲೇಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹೆರಿಗೆಯ ನೋವು ತಿನ್ನುವ ಮಗಳನ್ನು ನೋಡಲು ಹೊರಟ ತಾಯಿ ಕೂಡ ಅಂಥ ದಿನ ದಂಡೆಯ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ.

ಆ ಕಾಲದಲ್ಲಿ ತೊರೆಹಾಳದ ಅಂಬಿಗರಲ್ಲಿ ಬಾಲವ್ವ ಎಂಬ ಹೆಂಗಸಿದ್ದಳು. ಗಂಡನನ್ನು ಒಂದು ಜ್ವರ ತಿಂದಿತ್ತು, ಮಗನನ್ನು ಇನ್ನೊಂದು ಜ್ವರ ತಿಂದಿತ್ತು. ಉಳಿದವಳು ಸೊಸೆ ಹಂಪವ್ವ. ಗಂಡಸರಿಲ್ಲದ ಮನೆಯ ಹರಿಗೋಲನ್ನು ಬೋರಲು ಹಾಕುವುದು ಬಾಲವ್ವನಿಗೆ ಒಗ್ಗಲಿಲ್ಲ. ತಾನೇ ಹುಟ್ಟು ಹಿಡಿದಳು, ಸೊಸೆಗೂ ಹಿಡಿಯಲು ಕಲಿಸಿದಳು. ನೀರಿನ ಸುಳಿ ಎಲ್ಲಿ ಬಾಯಿ ತೆರೆಯುತ್ತದೆ, ಹರಿಗೋಲು ಬುಗುರಿಯಂತೆ ತಿರುಗತೊಡಗಿದರೆ ಯಾವ ಮಗ್ಗುಲಿಗೆ ಹುಟ್ಟು ಊರಬೇಕು ಎಂಬುದನ್ನೆಲ್ಲ ಬೈದು ಬೈದೇ ಕಲಿಸಿದಳು. ಸೊಸೆ ಅತ್ತೆಯನ್ನು ಮೀರಿಸಿದಳು. ಹಂಪವ್ವನ ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮೂರು ಭಾಷೆಯಲ್ಲೂ ಬೈಯಬಲ್ಲವಳು, ಮೂರರಲ್ಲೂ ನಗಿಸಬಲ್ಲವಳು. ಆಚೆ ದಂಡೆಯ ಸಂತೆಯವರು ಬೇರೆ ಅಂಬಿಗರಿದ್ದರೂ ಅವಳ ಹೆಸರನ್ನೇ ಕೂಗುತ್ತಿದ್ದರು. ಅವಳ ಹರಿಗೋಲಿನಲ್ಲಿ ದಾಟಿದರೆ ಹೊಳೆ ಸಣ್ಣದಾಗುತ್ತದೆ ಎನ್ನುತ್ತಿದ್ದರಂತೆ.

ಎರಡೂ ದಂಡೆಯ ಊರುಗಳು ಆಗ ಒಬ್ಬ ದೇಸಾಯಿಯ ಕೈಕೆಳಗಿದ್ದವು. ಅವನಿಗೆ ಹೊಲ ಇತ್ತು, ವಾಡೆ ಇತ್ತು, ಕುದುರೆ ಇದ್ದವು. ಇಲ್ಲದ್ದು ಒಂದೇ. ಅವನ ಹೆಸರಿನ ಒಂದು ಜಾಗ ಭೂಮಿಯ ಮೇಲೆ ಇರಲಿಲ್ಲ. ಕೆರೆ ಕಟ್ಟಿಸಿ ಹೆಸರಿಡಬಹುದಿತ್ತು. ಅದಕ್ಕೆ ಮಣ್ಣು ಹೊರಬೇಕು, ವರ್ಷಗಟ್ಟಲೆ ಕಾಯಬೇಕು. ಇದ್ದ ಜಾಗದ ಹೆಸರನ್ನು ಅಳಿಸಿ ತನ್ನದನ್ನು ಇಡುವುದು ಹಗುರದ ಕೆಲಸವೆಂದು ಅವನಿಗೆ ಹೊಳೆಯಿತು. ಹುಣಸೆಮರದ ಬುಡದಲ್ಲಿ ಕಲ್ಲು ನೆಡಿಸಿ, ಬಿರುದುಗಳ ಸಮೇತ ತನ್ನ ಹೆಸರನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಪಾರಸಿಯಲ್ಲಿ ಮೂರು ಸಾಲಾಗಿ ಕೆತ್ತಿಸಿದ. ಇನ್ನು ಮೇಲೆ ಎಲ್ಲರೂ ಕಡವನ್ನು ಆ ಹೆಸರಿನಿಂದಲೇ ಕರೆಯಬೇಕು, ನಡುಗುಂಡು ಎಂದವರನ್ನು ದಾಟಿಸಬಾರದು ಎಂದು ಡಂಗುರ ಸಾರಿಸಿದ. ಡಂಗುರದವನ ಎದುರಿಗೇ ಹಂಪವ್ವ ಹೇಳಿದಳಂತೆ:

“ಅಷ್ಟುದ್ದ ಹೆಸರು ಕರೆದು ಮುಗಿಸೋದ್ರಾಗ ಹೊಳಿ ಬತ್ತಿ ಹೋಗ್ತದೋ ಯಣ್ಣಾ! ಆಮ್ಯಾಲೆ ಹರಗೋಲ ಯಾಕ, ನಡದ ಹೋಗಬಹುದು.”

ದಂಡೆಯೆಲ್ಲ ನಕ್ಕಿತು. ಮಾತು ವಾಡೆಗೆ ಮುಟ್ಟಿತು. ಹಂಪವ್ವನ ಹೆಸರು ದೇಸಾಯಿಯ ನೆನಪಿನಲ್ಲಿ ಕೂತಿತು.

ಶ್ರಾವಣದಲ್ಲಿ ಕಿಲ್ಲೇದಾರ ಮೀರ್ ದಿಲಾವರ್ ಆ ಸೀಮೆಯನ್ನು ನೋಡಲು ಬಂದ. ದೇಸಾಯಿ ಅವನನ್ನು ಆಚೆ ದಂಡೆಯ ಊರುಗಳಿಗೆಲ್ಲ ಕರೆದೊಯ್ದು ಉಪಚರಿಸಿದ. ಕಡೆಯ ದಿನ ಇಬ್ಬರೂ ಪಾತಪಲ್ಲಿಯ ದಂಡೆಗೆ ಬಂದು ನಿಂತಾಗ ಹೊಳೆ ಕೆಂಪಾಗಿ ಉಬ್ಬಿತ್ತು. ಇಲ್ಲಿ ಮಳೆ ಇರಲಿಲ್ಲ, ಮೇಲೆಲ್ಲೋ ಸುರಿದದ್ದು ಇಲ್ಲಿಗೆ ಬಂದಿತ್ತು. ಗುಂಡಿನ ಕೊರಳು ಮುಳುಗಿ ನೆತ್ತಿ ಮಾತ್ರ ಕಾಣುತ್ತಿತ್ತು. ಈಚೆ ದಂಡೆಯಲ್ಲಿ ಹರಿಗೋಲುಗಳೆಲ್ಲ ಬೋರಲು ಬಿದ್ದಿದ್ದವು. ಕಿಲ್ಲೇದಾರ ನೀರು ನೋಡಿ, ಇವತ್ತು ನಾಯಿಯೂ ಈ ಹೊಳೆಗೆ ಇಳಿಯುವುದಿಲ್ಲ, ಡೇರೆ ಹಾಕಿಸಿ ಎಂದ. ದೇಸಾಯಿ ಬಿಡಲಿಲ್ಲ. ಈ ಕಡವು ನನ್ನದು, ಆ ಕಲ್ಲಿನ ಮೇಲೆ ಇರುವುದು ನನ್ನ ಹೆಸರು, ನಾನು ಕರೆದರೆ ಈ ಜನ ಎಂಥ ನೀರಿನಲ್ಲೂ ಬರುತ್ತಾರೆ ನೋಡಿ ಎಂದ. ದಾಟುವ ಅವಸರ ಅವನಿಗಿರಲಿಲ್ಲ. ಡೇರೆಯಲ್ಲಿ ಅಡುಗೆಗೆ ಆಗಲೇ ಹೇಳಿಯಾಗಿತ್ತು. ಬರೀ ತೋರಿಸುವುದಕ್ಕೆ, ಛತ್ರಿಯ ನೆರಳಿನಲ್ಲಿ ನಿಂತು, ಬಿರುದುಗಳ ಸಮೇತ ತನ್ನ ಹೆಸರು ಹೇಳಿ, ಹಂಪವ್ವನ ಹೆಸರು ಕೂಗಿದ.

ಬಾಲವ್ವ ಆಗ ಗುಡಿಸಲ ಮುಂದೆ ಹರಿಗೋಲಿನ ತೊಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಂಪವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೂಗು ಕೇಳಿದ್ದೇ ತಡ, ನೀರು ನೋಡುವ ಮೊದಲು, ಕೂಗಿದವನು ಯಾರೆಂದು ಯೋಚಿಸುವ ಮೊದಲು, ರೊಟ್ಟಿಯ ಬಡಿತ ನಿಲ್ಲದೆಯೇ ಒಳಗಿನಿಂದ “ಓ” ಎಂಬ ದನಿ ಬಂತು. ಹುಟ್ಟಿದಾಗಿನಿಂದ ಕೊಟ್ಟು ರೂಢಿಯಾದ ಓ ಅದು. ಹೊಳೆಯವರಲ್ಲದ ಯಾರೂ ಹಾಗೆ ಓ ಎನ್ನುವುದಿಲ್ಲ. ಯಾರು, ಯಾಕೆ ಎಂದು ಮೊದಲು ಕೇಳುತ್ತಾರೆ. ಬಾಲವ್ವ ಎದ್ದು ನಿಂತಳು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಸೊಸೆಯೂ ಅವಳೂ ಒಟ್ಟಿಗೆ ಗುಂಡಿನ ಕಡೆ ನೋಡಿದರು.

“ಕೊರಳು ಮುಳುಗ್ಯದ,” ಎಂದಳು ಬಾಲವ್ವ. “ಕರಿಯೋ ಹಂಗಿಲ್ಲ ಅವ.”

“ಕರೆದುಬಿಟ್ಟಾನಲ್ಲ ಅತ್ತಿ.”

“ಕಳ್ಳಸೂಳೇಮಗ. ಏನ್ ಬಂದದ ಅವನಿಗೆ?”

“ಯಾರಿಗೋ ಜೀವದ ಮ್ಯಾಲೆ ಬಂದಿರಬೇಕು. ಇಲ್ಲಾಂದ್ರ ಇಂಥ ನೀರಾಗ ಯಾರು ಕರೀತಾರ? ಓ ಅಂದುಬಿಟ್ಟೀನಿ, ಹೋಗಿ ಬರ್ತೀನಿ. ರೊಟ್ಟಿ ಹೊತ್ತಬಾರದು, ನೋಡ್ಕೋ.”

ಬಾಲವ್ವ ಮುಂದೆ ಸಾಯುವವರೆಗೂ ಆ ಮಾತನ್ನು ಮರೆಯಲಿಲ್ಲ ಎನ್ನುತ್ತಾರೆ. ಯಾರಿಗೋ ಜೀವದ ಮೇಲೆ ಬಂದಿರಬೇಕು ಎಂದು ಹಂಪವ್ವ ನಂಬಿದಳು. ಕಾರಣವಿಲ್ಲದೆ ಒಬ್ಬ ಮನುಷ್ಯ ಇನ್ನೊಬ್ಬರ ಹೆಸರನ್ನು ಕೂಗಿ ನೀರಿಗೆ ಎಳೆಯಬಲ್ಲ ಎಂಬುದು ಅವಳ ಬುದ್ಧಿಗೆ ಬರಲೇ ಇಲ್ಲ.

ಹರಿಗೋಲು ಅರ್ಧ ಹೊಳೆಯವರೆಗೆ ಚೆನ್ನಾಗಿಯೇ ಹೋಯಿತು. ಗುಂಡಿನ ಹತ್ತಿರ ಒಂದು ಬುಡಮೇಲಾದ ಮರ ತೇಲಿಬಂದು ಅದರ ತೊಗಲನ್ನು ಸೀಳಿತು. ಹಂಪವ್ವ ಹುಟ್ಟನ್ನು ಬಿಟ್ಟು ಗುಂಡಿಗೆ ಹಾರಿ ನೆತ್ತಿಯನ್ನು ತಬ್ಬಿಕೊಂಡಳು, ಮೇಲೆ ಹತ್ತಿ ಕೂತಳು. ಈಚೆಯ ಅಂಬಿಗರು ಎರಡು ಹರಿಗೋಲು ಇಳಿಸಿದರು. ನೀರು ಎರಡನ್ನೂ ಸುತ್ತಿಸಿ ತಂದು ಕೆಳಗಿನ ದಂಡೆಗೆ ಬಿಸಾಡಿತು. ಆಚೆಯವರು ಹಗ್ಗ ಎಸೆದರು, ಹಗ್ಗ ಮುಟ್ಟಲಿಲ್ಲ. ಹೊಳೆ ಏರುತ್ತಲೇ ಇತ್ತು. ಇನ್ನು ಮಾಡಲು ಉಳಿದದ್ದು ಒಂದೇ. ನೀರಿನ ಚಳಿಗೆ ಅವಳ ಕೈ ಮರಗಟ್ಟದಂತೆ, ಕಣ್ಣು ಮುಚ್ಚದಂತೆ, ಅವಳನ್ನು ಕೂಗುತ್ತ ಇರುವುದು. ಬಾಲವ್ವ ಮೊದಲು ಕೂಗಿದಳು. “ಹಂಪೀ!” ಹೊಳೆಯ ನಡುವಿನಿಂದ “ಓ” ಬಂತು. ಆಮೇಲೆ ಈಚೆ ದಂಡೆಯವರೆಲ್ಲ ಕೂಗಿದರು. ಆಚೆ ದಂಡೆಯಲ್ಲಿ ಪಾತಪಲ್ಲಿಯವರು “ಹಂಪಮ್ಮಾ, ಪಟ್ಟುಕೋ ತಲ್ಲೀ”, ಬಿಗಿಯಾಗಿ ಹಿಡಿದುಕೋ ತಾಯೀ, ಎಂದು ಕೂಗಿದರು. ಕಿಲ್ಲೇದಾರ ಛತ್ರಿಯ ಕೆಳಗಿನಿಂದ ಹೊರಗೆ ಓಡಿಬಂದು, ಪಾಗು ಬಿಚ್ಚಿ ಬೀಸುತ್ತ, ತನ್ನ ಸಿಪಾಯಿಗಳೊಂದಿಗೆ “ಹಂಪಮ್ಮಾ! ಹಂಪಮ್ಮಾ!” ಎಂದು ಗಂಟಲು ಹರಿಯುವಂತೆ ಕೂಗಿದ. ಕೂಗಿದ ಪ್ರತಿಯೊಬ್ಬರಿಗೂ ಅವಳು ಓ ಎಂದಳು. ಯಾರ ಕೂಗನ್ನೂ ಬರಿದೆ ಕಳಿಸಲಿಲ್ಲ. ದೇಸಾಯಿ ಮಾತ್ರ ಕೂಗಲಿಲ್ಲ. ಅವನು ನಿಂತಲ್ಲೇ ನಿಂತಿದ್ದ. ಹೊತ್ತು ಇಳಿಯುವಾಗ ಒಂದು ಕೂಗಿಗೆ ಓ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ಗುಂಡಿದ್ದ ಜಾಗದಲ್ಲಿ ನೀರು ಒಂದು ಸಲ ಮಡಿಚಿಕೊಂಡು ಹರಿಯಿತು, ಅಷ್ಟೇ.

ನೀರು ಇಳಿದ ಮೇಲೆ ಕೆಳಗಿನ ಊರಿನ ಬಂಡೆಗಳ ಸಂದಿನಲ್ಲಿ ಹೆಣ ಸಿಕ್ಕಿತು. ಮಣ್ಣು ಮಾಡಿ ಬಂದ ಬಾಲವ್ವ ಅಳಲಿಲ್ಲ. ಕಡವಿನ ಕಟ್ಟೆಯ ಮೇಲೆ ಎರಡೂ ದಂಡೆಯ ಅಂಬಿಗರನ್ನು ಸೇರಿಸಿದಳು. ದೇಸಾಯಿ ಬರೀ ತೋರಿಸುವುದಕ್ಕೆ ಕೂಗಿದನೆಂಬುದನ್ನು ಆಚೆಯವರೇ ಹೇಳಿದರು. ಕಾರಣವಿಲ್ಲದೆ ಕರೆದವನು ಆಚೆಯ ದಂಡೆಯಲ್ಲೇ ಇದ್ದ. ಅವನ ವಾಡೆ, ಹೆಂಡತಿ, ಮಕ್ಕಳು ಈಚೆ. ಅವನು ಈಗ ದಾಟಬೇಕು, ಈಗ ಅವನಿಗೆ ನಿಜವಾಗಿ ಕಾರಣವಿದೆ, ಕರೆದರೆ ನಾವು ಓ ಎನ್ನಬೇಕಾಗುತ್ತದಲ್ಲ ಎಂದು ಕೆಲವರು ಹೆದರಿದರು. ಹಿರಿಯರು ಹಾಕಿಕೊಟ್ಟ ಕಟ್ಟನ್ನು ಮುರಿಯಲು ಯಾರಿಗೂ ಮನಸ್ಸಿರಲಿಲ್ಲ. ಬಾಲವ್ವನಿಗೂ ಇರಲಿಲ್ಲ. ಅವಳು ಹೇಳಿದ್ದು ಇಷ್ಟು: “ಹೆಸರು ಹೇಳಿ ಕರೆದವರಿಗೆ ನಾವು ಓ ಅಂತೀವಿ. ಸುಳ್ಳು ಕೂಗಿಗೆ ತನ್ನ ಹೆಸರನ್ನ ಹಚ್ಚಿದವಗ ಹೆಸರು ಎಲ್ಲೈತಿ? ಅವನ ಕೂಗು ಕೂಗಲ್ಲ. ಗಾಳಿ.”

ಮರುದಿನ ಬೆಳಿಗ್ಗೆ ದೇಸಾಯಿ ಪಾತಪಲ್ಲಿಯ ದಂಡೆಗೆ ಬಂದು ಹೆಸರು ಹೇಳಿ ಕೂಗಿದ. ಈಚೆ ಅಂಬಿಗರು ಬಲೆ ಕೊಡವುತ್ತಿದ್ದರು, ಮೀನು ಹಸನು ಮಾಡುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ. ಅವನು ಬೇರೆ ಬೇರೆ ಅಂಬಿಗರ ಹೆಸರು ಹಿಡಿದು ಕೂಗಿದ. ಬಿರುದುಗಳನ್ನು ಸೇರಿಸಿ ಕೂಗಿದ, ಬಿರುದುಗಳನ್ನು ಬಿಟ್ಟು ಕೂಗಿದ. ಅದೇ ದಂಡೆಗೆ ಬಂದ ಒಬ್ಬ ಬಳೆಗಾರ ತನ್ನ ಹೆಸರು ಹೇಳಿ ಕೂಗಿದ ಕೂಡಲೇ ಓ ಬಂತು, ಹರಿಗೋಲು ಬಂತು. ದೇಸಾಯಿ ಅದಕ್ಕೆ ಕಾಲಿಡಲು ಹೋದಾಗ ಅಂಬಿಗ ಅವನ ಮುಖವನ್ನೂ ನೋಡದೆ ಹುಟ್ಟಿನಿಂದ ದಂಡೆಯನ್ನು ಒತ್ತಿ ದೂರ ಸರಿದ. ಬೇರೆ ಕಡವಿಗೆ ಹೋಗಿ ನೋಡಿದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು, ಮೂರೂ ಭಾಷೆಯಲ್ಲಿ. ಸಿಪಾಯಿಗಳನ್ನು ಕೊಡಿ, ಇವರ ಗುಡಿಸಲು ಸುಡಿಸುತ್ತೇನೆ ಎಂದು ಕಿಲ್ಲೇದಾರನನ್ನು ಕೇಳಿದ. ಕೂಗಿ ಕೂಗಿ ದನಿ ಒಡೆದುಹೋಗಿದ್ದ ಕಿಲ್ಲೇದಾರ, “ಬಸ್ ಕರೋ” ಎಂದಷ್ಟೇ ಹೇಳಿ ಮುಖ ತಿರುಗಿಸಿದ.

ಕಡೆಗೆ ಕಿಲ್ಲೇದಾರನೇ ರಾಜಿಗೆ ಬಂದ. ಅವನ ಕೂಗಿಗೆ ಅಂಬಿಗರು ಓ ಎಂದರು, ಮರ್ಯಾದೆಯಿಂದ ದಾಟಿಸಿದರು. ಬಾಲವ್ವನ ಗುಡಿಸಲ ಮುಂದೆ, ಹಾಸಿದ ಕಂಬಳಿಯ ಮೇಲೆ ಅವನು ಕೂತ. ಜೊತೆಗೆ ದೇಸಾಯಿಯ ವಾಡೆಯ ಭಟ್ಟನೂ ಬಂದಿದ್ದ. ದೇಸಾಯಿ ಬಂಗಾರ ಕೊಡುತ್ತಾನಂತೆ ಎಂದು ಕಿಲ್ಲೇದಾರ ತನ್ನ ಹರಕು ಕನ್ನಡದಲ್ಲಿ ಹೇಳಿದ. ಬಾಲವ್ವ ತಲೆಯಲ್ಲಾಡಿಸಿದಳು. ಹೊಳೆಯ ಪಕ್ಕದ ಎರೆಹೊಲ ಕೊಡುತ್ತಾನಂತೆ. ಬೇಡ. ಆಗ ಭಟ್ಟ ಮುಂದೆ ಬಂದು, ದೇಸಾಯರು ಗುಂಡಿನ ಮೇಲೆ ಗುಡಿ ಕಟ್ಟಿಸುತ್ತಾರೆ, ನಿನ್ನ ಸೊಸೆಯನ್ನು ಗಂಗಮ್ಮನೇ ಒಲಿದು ಕರೆದುಕೊಂಡಳು ಎಂದು ನಾನಾಗಲೇ ಪದ ಕಟ್ಟಿದ್ದೇನೆ, ಇನ್ನು ಅವಳು ಬರೀ ಹಂಪವ್ವ ಅಲ್ಲ, ದೇವತೆ ಎಂದ. ರಾಗ ತೆಗೆದು ಒಂದು ನುಡಿ ಹಾಡಿಯೂ ಬಿಟ್ಟ. ಅಲ್ಲಿಯವರೆಗೆ ಕೂತಿದ್ದ ಬಾಲವ್ವ ಎದ್ದಳು.

“ಗಂಗಿ ಕರೆದಳಾ? ಗಂಗಿ ಕರೆದಿದ್ದರ ನನಗೂ ಕೇಳಸ್ತಿತ್ತು, ನಾನೂ ದಂಡಿ ಮ್ಯಾಲೇ ಇದ್ದೆ. ಕರೆದವ ಆ ಕಡೆ ಛತ್ರಿ ಕೆಳಗ ನಿಂತಿದ್ದ. ನನ್ನ ಸೊಸಿ ದೇವಿ ಅಲ್ಲೋ ಭಟ್ಟ. ದೇವಿ ಆದರ ಸತ್ತಿಲ್ಲ ಅಂದಂಗಾತು, ಸತ್ತಿಲ್ಲಂದರ ಕೊಂದವ ಇಲ್ಲಂದಂಗಾತು. ಅಕಿ ರೊಟ್ಟಿ ಬಡೀತಿದ್ದಳು. ಹಿಟ್ಟಿನ ಕೈಲೇ ಹೋದಳು. ನಿನ್ನ ಪದದಾಗ ಹಿಟ್ಟು ಐತೇನು?”

ಭಟ್ಟ ಕಂಬಳಿಯಿಂದ ಇಳಿದು ಹಿಂದೆ ಸರಿದ. ಕಿಲ್ಲೇದಾರ, “ಅಮ್ಮಾ, ನಿನಗೆ ಏನು ಬೇಕು, ನೀನೇ ಹೇಳು” ಎಂದ. ಬಾಲವ್ವನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. “ನೀನು ಕೂಗಿದ್ದನ್ನ ನಾ ಕೇಳೀನಿ ಸಾಹೇಬ. ನಿನಗೂ ಅಕಿ ಓ ಅಂದಳು,” ಎಂದಳು. ಆಮೇಲೆ ಹುಣಸೆಮರದ ಕಡೆ ಕೈ ತೋರಿಸಿದಳು. “ಆ ಕಲ್ಲು ಐತಲ್ಲ. ಅದರ ಮ್ಯಾಲಿನ ಮೂರು ಸಾಲನ್ನೂ ಅವನೇ ಕೆತ್ತಿ ತೆಗೀಲಿ. ಒಡ್ಡರವನ ಕೈಲೆ ಅಲ್ಲ, ಕೂಲಿಯವನ ಕೈಲೆ ಅಲ್ಲ. ಅವನ ಕೈಲೆ, ನಮ್ಮ ಕಣ್ಣ ಮುಂದ. ಉಳಿದದ್ದನ್ನ ನಾವು ನೋಡ್ಕೋತೀವಿ.” ಉಳಿದದ್ದು ಏನು ಎಂದು ಕಿಲ್ಲೇದಾರ ಕೇಳಿದ. ಅವಳು ಹೇಳಲಿಲ್ಲ.

ಈ ಮಾತು ಮುಟ್ಟಿದಾಗ ದೇಸಾಯಿ ನಕ್ಕನಂತೆ. ಬಂಗಾರ ಉಳಿಯಿತು, ಹೊಲ ಉಳಿಯಿತು, ಹುಚ್ಚು ಮುದುಕಿ ಕಲ್ಲಿನ ಮೇಲಿನ ನಾಲ್ಕಕ್ಷರ ಕೇಳಿದಳು ಎಂದನಂತೆ. ಕಿಲ್ಲೇದಾರನ ಹಿಂದೆ ಹರಿಗೋಲಿನ ಅಂಚಿಗೆ ಕೂತು ಅವನು ಈಚೆಗೆ ಬಂದ. ಅಂಬಿಗರು, ಪಾತಪಲ್ಲಿಯವರು, ದರ್ಗಾದ ಓಣಿಯವರು ಎಲ್ಲ ಸುತ್ತ ನಿಂತಿದ್ದರು. ಉಳಿ ಹಿಡಿದು ಗೊತ್ತಿಲ್ಲದ ಕೈ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು, ಎರಡನೆಯದರಲ್ಲಿ ಒಡೆಯಿತು, ಮೂರನೆಯ ಸಾಲಿನ ತಗ್ಗಿನಲ್ಲಿ ನೆತ್ತರಿನ ಕಲೆ ಉಳಿಯಿತು. ಯಾರೂ ಅವನಿಗೆ ನೀರು ಕೊಡಲಿಲ್ಲ, ಯಾರೂ ಬೈಯಲೂ ಇಲ್ಲ. ಬಾಲವ್ವ ಕಲ್ಲಿನ ಚಕ್ಕೆಗಳನ್ನು ಮಡಿಲಲ್ಲಿ ಆಯ್ದುಕೊಂಡು ಹೋಗಿ ಗುಂಡಿನ ಹತ್ತಿರ ನೀರಿಗೆ ಸುರಿದಳು. ಅಂದಿನಿಂದಲೇ ಎರಡೂ ದಂಡೆಯವರು ಕಡವನ್ನು ಹಂಪವ್ವನ ಹೆಸರಿನಿಂದ ಕರೆಯತೊಡಗಿದರು. ಡಂಗುರ ಯಾರೂ ಸಾರಲಿಲ್ಲ. ಅಂದು ಕೂಗಿದವರೆಲ್ಲರ ಬಾಯಲ್ಲಿ ಆ ಹೆಸರು ಇದ್ದೇ ಇತ್ತು, ಅದು ಅಲ್ಲೇ ನಿಂತಿತು. ದಾಟುವವರು ಇಂದಿಗೂ ಗುಂಡಿನ ನೇರಕ್ಕೆ ಬಂದಾಗ ಒಮ್ಮೆ ಅವಳ ಹೆಸರು ಕೂಗುತ್ತಾರೆ. ಕೈ ಮುಗಿಯುವುದಿಲ್ಲ, ಕಾಯಿ ಒಡೆಯುವುದಿಲ್ಲ. ಕೂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದೆ ಹೋಗುತ್ತಾರೆ.

ಗದ್ದೆಪ್ಪ ಬಲೆಯ ದಾರವನ್ನು ಹಲ್ಲಿನಿಂದ ಕಡಿದ. ಬಿಸಿಲು ನೆತ್ತಿ ದಾಟಿತ್ತು. ಅನಸೂಯಾ ಊಟದ ಮಾತನ್ನು ಮರೆತು ಕಲ್ಲಿನ ಹತ್ತಿರ ಹೋಗಿದ್ದಳು. ಅಲ್ಲಿಗೆ ಬಂದವರೆಲ್ಲ ಮಾಡುವಂತೆ ಅವಳೂ ಮೊದಲ ತಗ್ಗಿನೊಳಗೆ ಕೈಯಿಟ್ಟಳು, ಎರಡನೆಯದರಲ್ಲಿ ಇಟ್ಟಳು, ಮೂರನೆಯದರಲ್ಲಿ ಇಟ್ಟಳು. ಒಂದು ಅಕ್ಷರದ ಗೆರೆಯಾದರೂ ಬೆರಳಿಗೆ ಸಿಗುತ್ತದೇನೋ ಎಂದು ತಡವಿದಳು. ಸಿಕ್ಕಿದ್ದು ಬರೀ ಉಳಿಯ ಗಾಯ.

“ಬರೀ ಕಲ್ಲು ಕೆತ್ತಿಸಿ ಬಿಟ್ಟರೇನು ಅಜ್ಜಾರ? ಒಂದು ಜೀವಕ್ಕ ಅಷ್ಟೇನಾ?” ಅವಳ ದನಿಯಲ್ಲಿ ಈಗ ಸಿಟ್ಟಿತ್ತು.

“ಅವನೂ ಅಷ್ಟೇ ಅಂತ ತಿಳಕೊಂಡಿದ್ದ,” ಎಂದ ಗದ್ದೆಪ್ಪ. “ಮುಂದ ಯಾವಾಗೋ ಮತ್ತ ದಾಟಬೇಕಂತ ದಂಡಿಗೆ ಬಂದು ಹೆಸರು ಹೇಳಿ ಕೂಗಿದ. ಯಾರೂ ಓ ಅನ್ನಲಿಲ್ಲ. ಹುಚ್ಚರು, ಭಿಕ್ಷುಕರು ಕುಂತಲ್ಲೇ ಕುಂತು ಕಾದು, ಯಾರದೋ ಹಿಂದ ಅಂಚಿಗೆ ಕುಂತು ದಾಟಿದ. ಅವತ್ತಿಂದ ಸಾಯೋತನಕ ಹಂಗೇ. ಚಾವಡಿಯಾಗ ಅವನ ಎದುರಿಗೆ ಹೌದ್ರಿ ಅಂತಿದ್ದರು, ಹಿಂದ ದೇಸಾಯಿ ಅಂತಿದ್ದರು. ಹೆಸರು ಹಿಡಿದು ಯಾರೂ ಕರೀಲಿಲ್ಲ. ಸತ್ತಾಗ ಅಳಾಕ ಹೋದ ಹೆಣ್ಣಮಕ್ಕಳು ನಮ್ಮ ಹೊಳಿಸಾಲಿನವರೇ. ಹೆಸರು ಹಿಡಿದು ಅಳಬೇಕು ಹೌದಲ್ಲ? ಬರೀ ಅಯ್ಯೋ ಅಯ್ಯೋ ಅಂದು ಎದ್ದು ಬಂದರು. ಮಮ್ಮಗನಿಗೆ ತೊಟ್ಟಿಲದಾಗ ಅಜ್ಜನ ಹೆಸರು ಇಡೋರಿದ್ದರು, ತೊಟ್ಟಿಲ ತೂಗೋರು ಯಾರೂ ಬಾಯಿ ತೆಗೀಲಿಲ್ಲ. ಮನಿಯವರು ತಾವೂ ಹೊಳಿ ದಾಟಬೇಕಲ್ಲ, ಬ್ಯಾರೆ ಹೆಸರಿಟ್ಟರು.”

ಅನಸೂಯಾ ಕಲ್ಲಿನಿಂದ ಕೈ ತೆಗೆದಳು. ಆಮೇಲೆ ಕೇಳಿದಳು, ಈ ಸಲ ಫಲಕಕ್ಕಾಗಿ ಅಲ್ಲ:

“ಏನಿತ್ತು ಅಜ್ಜಾರ ಅವನ ಹೆಸರು?”

“ನನಗ ಗೊತ್ತಿಲ್ಲ. ನಮ್ಮಪ್ಪಗ ಗೊತ್ತಿದ್ದಿಲ್ಲ. ಆ ದಂಡಿಯವರಿಗೂ ಗೊತ್ತಿಲ್ಲ, ದರ್ಗಾದ ಓಣಿಯವರಿಗೂ ಗೊತ್ತಿಲ್ಲ. ಅವನ ಮನಿತನದವರು ಇನ್ನೂ ಅದಾರ, ಹೋಗಿ ಕೇಳ್ರಿ, ಅವರಿಗೂ ಗೊತ್ತಿಲ್ಲ. ಬಾಲವ್ವ ಕೇಳಿದ್ದು ಅವನ ಹೆಸರನ್ನ. ಅವ ಕೊಟ್ಟದ್ದೂ ಅದನ್ನ.”